ವಿಷ ಇಳಿಸುವ ಹೊತ್ತು

ಮಳೆ ಹೊಳವಾಗಿದೆ. ಕುಂಸಿ ಆಚೆಯ ಅಡಿಕೆ ತೋಟದ ಮನೆಯೊಂದರ ಜಗಲಿ ತುಂಬ ಜನ. ಹುಲ್ಲು ಕೊಯ್ಯಲು ಹೋಗಿದ್ದ ದೊಡ್ಡಪ್ಪನಿಗೆ ಕೊಳಕುಮಂಡಲ ಕಡಿದಿದೆ. ಪಾದದ ಮೇಲೆ ಎರಡು ತೂತು, ನಿಲ್ಲದೆ ಜಿನುಗುವ ರಕ್ತ. ಊತ ಆಗಲೇ ಪಾದದ ಗಂಟು ದಾಟಿದೆ.

"ವಿಷ ಇಳಿಸೋರನ್ನ ಕರ್ಕೊಂಡು ಬಾರೋ," ಅಜ್ಜಿಯ ಹಟ. ಯಾರೋ ಮೊಣಕಾಲ ಕೆಳಗೆ ಕಟ್ಟಲು ಹಗ್ಗ ತಂದರು.

ಬಾಗಿಲ ಸಂದಿಯಲ್ಲಿ ನಿಂತವಳು ಪಿಯುಸಿ ಓದುವ ಹುಡುಗಿ. ಮುಚ್ಚಟೆಯಿಂದ ಬೆಳೆದವಳು; ಶಿವಮೊಗ್ಗಕ್ಕೆ ಹೋಗಬೇಕಾದರೂ ಅಪ್ಪ ಜೊತೆಗಿರಬೇಕು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ. ಅವಳ ಕೈಯಲ್ಲಿ ಮೊಬೈಲ್, 108ಕ್ಕೆ ಕರೆ ಹೋಗಿಯಾಗಿದೆ.

"ಹಗ್ಗ ಬಿಗೀಬೇಡಿ ಚಿಕ್ಕಪ್ಪ. ದೊಡ್ಡಪ್ಪನ್ನ ನಡೆಸಬೇಡಿ. ಆಂಬುಲೆನ್ಸ್ ಬರ್ತಿದೆ."

"ನಿಂಗೇನು ಗೊತ್ತೇ? ನಿನ್ನ ಮುತ್ತಜ್ಜ ಬದುಕಿದ್ದು ಮಂತ್ರದಿಂದ!"

ಅಜ್ಜಿಯ ನಂಬಿಕೆಗೆ ಬುಡವಿಲ್ಲವೆಂದಲ್ಲ. ನಮ್ಮ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ; ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಉಳಿದವರೆಲ್ಲ ಮಂತ್ರದ ಲೆಕ್ಕಕ್ಕೆ ಸೇರುತ್ತಾರೆ. ಮಂತ್ರ ಹಾಕುವವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಮಂದಿ ಬಿಡಿಗಾಸೂ ಮುಟ್ಟದೆ, ಸರಿರಾತ್ರಿಯಲ್ಲೂ ಎದ್ದು ಬರುವವರು. ಆದರೆ ಅವರಿಗಾಗಿ ಕಾಯುವ ಆ ಒಂದು ಗಂಟೆಯಲ್ಲಿ ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ತಿಂದುಹಾಕುತ್ತದೆ, ಮೂತ್ರಪಿಂಡಕ್ಕೂ ಇಳಿಯುತ್ತದೆ.

ಹುಡುಗಿ ಮತ್ತೆ ವಾದಕ್ಕಿಳಿಯಲಿಲ್ಲ. "ಮಂತ್ರ ಇಲ್ಲಿಂದ್ಲೇ ಹಾಕ್ಸಿ ಅಜ್ಜಿ, ದೊಡ್ಡಪ್ಪ ಅಲ್ಲಿಗೆ ಹೋಗ್ಲಿ," ಎಂದಳು. ಅಷ್ಟಕ್ಕೆ ಅಜ್ಜಿ ಸುಮ್ಮನಾದರು. ಗಾಡಿ ಬಂದಾಗ ಹುಡುಗಿಯೇ ಮೊದಲು ಹತ್ತಿದಳು. ಬೇಡವೆನ್ನಲು ಯಾರಿಗೂ ಹೊಳೆಯಲಿಲ್ಲ.

ಆಯನೂರು ಹೋಯಿತು, ತ್ಯಾವರೆಕೊಪ್ಪದ ಕಾಡೂ ಹಿಂದೆ ಸರಿಯಿತು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ: "ಎಷ್ಟು ಹೊತ್ತಿಗೆ ಕಡಿದಿದ್ದು?" ಉತ್ತರ ಅವಳ ಮೊಬೈಲಿನಲ್ಲಿತ್ತು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಸರ್ಕಾರಕ್ಕೆ ವರದಿಯಾಗಲೇಬೇಕಾದ ಪ್ರಕರಣ, ಎಲ್ಲವೂ ಬರಹಕ್ಕಿಳಿಯಿತು.

ಇನ್ನು ಪರೀಕ್ಷೆ. ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ಒಂದಿಷ್ಟು ರಕ್ತ. 20 ನಿಮಿಷ ಅಲ್ಲಾಡಿಸುವಂತಿಲ್ಲ. ಯಂತ್ರ ಬೇಡ, ಕರೆಂಟೂ ಬೇಡ. ಹೊತ್ತಾದ ಮೇಲೆ ಓರೆ ಮಾಡಿದರೆ ರಕ್ತ ನೀರಿನಂತೆ ಹರಿಯಿತು, ಹೆಪ್ಪುಗಟ್ಟಿಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷದ ಹತ್ತು ಸೀಸೆ ಸಲೈನಿನಲ್ಲಿ ಬೆರೆತು ತೊಟ್ಟಿಕ್ಕತೊಡಗಿತು. ಮೈ ತುರಿಸಿದರೆ, ಉಸಿರು ಕಟ್ಟಿದರೆ ಕೂಡಲೇ ಹೇಳಬೇಕೆಂದು ನರ್ಸ್ ಹುಡುಗಿಗೇ ಹೇಳಿಹೋದರು.

ಅಷ್ಟರಲ್ಲಿ ಅಜ್ಜಿಯ ಫೋನು. "ಮಂತ್ರದವ್ರು ಬಂದು ಕೂತಿದಾರೆ ಕಣೇ."

"ಕಾಫಿ ಕೊಡಿ ಅಜ್ಜಿ. ಇಲ್ಲಿ ಔಷಧಿ ಹೋಗ್ತಿದೆ."