ಸೊಂಟ ಹಿಡಿದರೆ ಎಣ್ಣೆ ಸಾಕೇ? ಕಾಲು ಜೋಮು ಹಿಡಿದರೆ ಕಾಯಬೇಡಿ

ಕಾಸರಗೋಡು: ಮಳೆಗಾಲ ಹತ್ತಿರವಾಗುತ್ತಿದ್ದಂತೆ ಗಡಿನಾಡಿನ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ ಎಳೆಯಬೇಕು, ಪೈಪು ಹೊರಬೇಕು, ಕತ್ತು ಮೇಲೆತ್ತಿ ಗೊನೆ ನೋಡಬೇಕು. ಕೊಯ್ಲು ಮುಗಿದರೆ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಕೆಲಸ. ಹಿಂದಿನಷ್ಟು ಇಲ್ಲದಿದ್ದರೂ ಮನೆ ಜಗಲಿಯಲ್ಲಿ ತಲೆ ತಗ್ಗಿಸಿ ಬೀಡಿ ಕಟ್ಟುವ ಮಹಿಳೆಯರು ಈಗಲೂ ಇದ್ದಾರೆ. ಇವರೆಲ್ಲರ ಬಾಯಲ್ಲಿ ಬರುವ ಮಾತು ಒಂದೇ: 'ಸೊಂಟ ಹಿಡ್ದಿದೆ, ಎಂತ ಮಾಡುದು?'

ಮಾಡುವುದು ಸಾಮಾನ್ಯವಾಗಿ ಎರಡೇ. ಎಣ್ಣೆ ತಿಕ್ಕಿಸುವುದು, ಇಲ್ಲವೇ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗುವುದು. ಹೆಚ್ಚಿನವರಿಗೆ ನೋವು ಕಡಿಮೆಯೂ ಆಗುತ್ತದೆ. ಆದರೆ ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದು ಗೊತ್ತಿಲ್ಲದೆ ಕೆಲವರು ಕಾಲಿನ ಬಲವನ್ನೇ ಕಳೆದುಕೊಳ್ಳುತ್ತಾರೆ.

ಸೊಂಟನೋವು ಗಡಿನಾಡಿನವರದ್ದು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಈ ಸಮಸ್ಯೆ ಇತ್ತು. 2050ರ ಹೊತ್ತಿಗೆ ಇದು 84.3 ಕೋಟಿಗೆ ಏರಬಹುದೆಂಬ ಅಂದಾಜಿದೆ.

ಮಣಿಗಳ ನಡುವೆ ಮೆತ್ತೆ

ಬೆನ್ನುಮೂಳೆ ಒಂದೇ ಕಂಬವಲ್ಲ. ಕುತ್ತಿಗೆಯಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5 ಮಣಿಗಳು ಒಂದರ ಮೇಲೊಂದು ಕುಳಿತಿವೆ. ಮಣಿಗಳ ನಡುವಿನ ಮೆತ್ತೆಯೇ ಡಿಸ್ಕ್. ಹೊರಗೆ ಗಟ್ಟಿ ನಾರು, ಒಳಗೆ ಮೃದುವಾದ ಲೋಳೆ. ಹಿಂಬದಿಯ ಕಾಲುವೆಯಲ್ಲಿ ಬೆನ್ನುಹುರಿ, ಅಲ್ಲಿಂದ ಕೈಕಾಲಿಗೆ ಹೋಗುವ ನರಗಳು.

ಭಾರ ಎತ್ತುವಾಗ ಸ್ನಾಯು ಅಥವಾ ನಾರು ಉಳುಕಿದರೆ ಸೊಂಟದಲ್ಲೇ ನೋವು ನಿಲ್ಲುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಡಿಸ್ಕ್‌ನ ನಾರು ಹರಿದು ಲೋಳೆ ಹೊರಚಾಚಿ ನರವನ್ನು ಒತ್ತಿದರೆ ಕಥೆ ಬೇರೆ. ನೋವು ಪೃಷ್ಠದಿಂದ ತೊಡೆ, ಮೀನಖಂಡ ದಾಟಿ ಪಾದದವರೆಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಹೆಚ್ಚು. ಇದೇ ಸಯಾಟಿಕಾ, ಆಯುರ್ವೇದದಲ್ಲಿ ಗೃಧ್ರಸಿ. ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳಲ್ಲೇ ಇದು ಹೆಚ್ಚು. 'ಡಿಸ್ಕ್ ಜಾರಿದೆ' ಅಂದ ಕೂಡಲೇ ಆಪರೇಷನ್ ಎಂದು ಹೆದರಬೇಕಾಗಿಲ್ಲ. ಹೆಚ್ಚಿನವರು ಔಷಧಿ, ವ್ಯಾಯಾಮದಲ್ಲೇ ಒಂದೂವರೆಯಿಂದ ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಅರುವತ್ತು ದಾಟಿದವರಲ್ಲಿ ಇನ್ನೊಂದು ಬಗೆ ಉಂಟು. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ, ಕುಳಿತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಗುರ. ಸವೆತದಿಂದ ನರದ ಕಾಲುವೆ ಕಿರಿದಾದ ಲಕ್ಷಣವಿದು. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಟೊಳ್ಳಾಗಿದ್ದರೆ ಕೊಡಪಾನ ಎತ್ತಿದಷ್ಟಕ್ಕೇ ಬೆನ್ನಿನ ಮಣಿ ಕುಸಿಯಬಹುದು. 'ವಯಸ್ಸಾಯ್ತು, ಬೆನ್ನು ಬಾಗಿದೆ' ಎಂದು ಬಿಡುವಂಥದ್ದಲ್ಲ, ಇದಕ್ಕೆ ಮದ್ದಿದೆ.

ಕುತ್ತಿಗೆಯ ಮಾತು

ಕುತ್ತಿಗೆಯ ಮಣಿಗಳ ಸವೆತವೇ ಎಲ್ಲರೂ ಹೇಳುವ 'ಸ್ಪಾಂಡಿಲೋಸಿಸ್'. ವಯಸ್ಸಾದಂತೆ ಬಹುತೇಕ ಎಲ್ಲರಲ್ಲೂ ಇದ್ದದ್ದೇ. ನರ ಒತ್ತಿದರೆ ನೋವು ಭುಜದಿಂದ ಬೆರಳ ತುದಿಗೆ ಇಳಿಯುತ್ತದೆ. ಬೀಡಿ ಸೂಪಿನ ಮುಂದೆ ಬಾಗುವ ಕುತ್ತಿಗೆಗೂ ಮೊಬೈಲಿನ ಮುಂದೆ ಬಾಗುವ ಕುತ್ತಿಗೆಗೂ ಬೀಳುವ ಭಾರ ಒಂದೇ. ಬಗ್ಗಿದಷ್ಟೂ ಹಿಂಬದಿಯ ಸ್ನಾಯುಗಳು ಹೆಚ್ಚು ದುಡಿಯಬೇಕು.

ನಿಜವಾಗಿ ಹೆದರಬೇಕಾದದ್ದು ಬೆನ್ನುಹುರಿಯೇ ಒತ್ತಿಹೋದಾಗ. ವಿಚಿತ್ರವೆಂದರೆ ಆಗ ನೋವು ಹೆಚ್ಚು ಇರಲೇಬೇಕೆಂದಿಲ್ಲ. ಅಂಗಿಯ ಗುಬ್ಬಿ ಹಾಕಲು ಕೈ ತಡವರಿಸುತ್ತದೆ, ಅನ್ನ ಕಲಸುವಾಗ ಬೆರಳು ಸರಿಯಾಗಿ ಓಡುವುದಿಲ್ಲ, ನಡೆಯುವಾಗ ತೂರಾಡಿದಂತಾಗುತ್ತದೆ. ಸಕ್ಕರೆ ಕಾಯಿಲೆ ಇರಬೇಕು, ವಾತ ಇರಬೇಕು ಎಂದು ತಿಂಗಳುಗಟ್ಟಲೆ ಕಳೆದರೆ ಹೋದ ಬಲ ಪೂರ್ತಿ ಮರಳುವುದು ಕಷ್ಟ.

ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ 'ಟಕ್' ಅನ್ನಿಸುವ ಅಭ್ಯಾಸ ಬೇಡವೇ ಬೇಡ. ಮಿದುಳಿಗೆ ಹೋಗುವ ರಕ್ತನಾಳ ಕುತ್ತಿಗೆಯ ಮಣಿಗಳೊಳಗಿಂದಲೇ ಸಾಗುತ್ತದೆ. ಆ ಎಳೆತದಲ್ಲಿ ಅದು ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ.

ಮರದಿಂದ ಬಿದ್ದರೆ

ಗಡಿನಾಡಿನ ತೋಟದವರು ಮರೆಯಬಾರದ ವಿಷಯವಿದು. ಐವತ್ತು ಅಡಿ ಎತ್ತರದ ಕಂಗಿನಿಂದ ಕಾಲು ಜಾರಿ ಬಿದ್ದವನನ್ನು ಒಬ್ಬ ಕಂಕುಳಿಗೆ, ಇನ್ನೊಬ್ಬ ಕಾಲಿಗೆ ಕೈ ಹಾಕಿ ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸುವುದು ಸಾಮಾನ್ಯ. ಮಣಿ ಮುರಿದಿದ್ದರೆ ಈ ಎತ್ತುವಿಕೆಯಲ್ಲೇ ಬೆನ್ನುಹುರಿ ಜಜ್ಜಿಹೋಗಬಹುದು. ಬಿದ್ದಾಗ ಕಾಲು ಆಡಿಸುತ್ತಿದ್ದವನು ಆಸ್ಪತ್ರೆ ತಲಪುವಾಗ ಆಡಿಸದಂತಾಗುವುದು ಹೀಗೆ.

ಬಿದ್ದವನನ್ನು ಬಿದ್ದಲ್ಲೇ ಮಲಗಿಸಿ, ಅಲ್ಲಾಡದಂತೆ ತಲೆ ಹಿಡಿದು, 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವ ದಾರಿ ಇಲ್ಲವೆಂದಾದರೆ ಅಗಲ ಹಲಗೆ ಅಥವಾ ಕಳಚಿದ ಬಾಗಿಲು ತನ್ನಿ. ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. ನೆಲದಲ್ಲೇ ನಿಂತು ಮದ್ದು ಬಿಡುವ, ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ದುಬಾರಿ ಹೌದು, ಆದರೆ ಒಂದು ಬೆನ್ನುಮೂಳೆಗಿಂತ ಅಲ್ಲ. ದೋಟಿ ಹಿಡಿದವರೂ ಆಗಾಗ ಕುತ್ತಿಗೆಗೆ ವಿಶ್ರಾಂತಿ ಕೊಡಬೇಕು.

ಗಡಿ ದಾಟುವ ಮುನ್ನ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ನರದ ಕಾಯಿಲೆ, ದೊಡ್ಡ ಆಪರೇಷನ್ ಎಂದರೆ ಇಲ್ಲಿನವರಿಗೆ ಮೊದಲಿನಿಂದಲೂ ಮಂಗಳೂರೇ. ಆ ಅವಲಂಬನೆ ಎಷ್ಟೆಂದು 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಎಲ್ಲರಿಗೂ ಗೊತ್ತಾಯಿತು. ಹಾಗಾಗಿ ಮೊದಲ ಪರೀಕ್ಷೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಆಗುವುದು ಒಳ್ಳೆಯದು. ಹೆಚ್ಚಿನ ಸೊಂಟನೋವಿಗೆ ಅಷ್ಟು ಸಾಕು. ಮಂಗಳೂರಿಗೆ ಹೋಗುವುದಾದರೆ ಹಳೆಯ ಫಿಲ್ಮ್, ಚೀಟಿ ಎಲ್ಲ ಜೊತೆಗಿರಲಿ. ಕೇರಳದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಎಂಆರ್‌ಐ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಸೇರಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ 20 ವರ್ಷದವರಲ್ಲೇ 37 ಶೇಕಡಾ, 80 ವರ್ಷದವರಲ್ಲಿ 96 ಶೇಕಡಾ ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ರೋಗಿಯ ಮಾತು, ವೈದ್ಯರ ಪರೀಕ್ಷೆಗೆ ಹೊಂದಿದರೆ ಮಾತ್ರ ಸ್ಕ್ಯಾನಿಗೆ ಅರ್ಥ.

ಮಾತಿನ ತೊಡಕೂ ಉಂಟು. ಮಲಯಾಳಂ ಮಾತ್ರ ಬಲ್ಲ ವೈದ್ಯರೆದುರು ಮನೆಯ ಹಿರಿಯರು ಸೊಂಟ ತೋರಿಸಿ 'ನಡುವೇದನ' ಎಂದಷ್ಟೇ ಹೇಳಿ ಬರುತ್ತಾರೆ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾದದ್ದು ಹೇಳದೆ ಉಳಿಯುತ್ತದೆ. ಮರಗಟ್ಟಿದರೆ 'ಮರವಿಪ್ಪ್', ಚುಮುಚುಮು ಎಂದರೆ 'ತರಿಪ್ಪ್', ಬಲ ಕಡಿಮೆಯಾದರೆ 'ಬಲಕ್ಕುರವ್' - ಈ ಮೂರು ಮಾತು ಕಲಿತಿದ್ದರೂ ಚಿಕಿತ್ಸೆಯ ದಾರಿ ಬದಲಾದೀತು.

ಇವಕ್ಕೆ ಕಾಯಬೇಡಿ

* ಮೂತ್ರ ಕಟ್ಟುವುದು, ತಿಳಿಯದೆ ಮಲಮೂತ್ರ ಹೋಗುವುದು, ಕುಳಿತುಕೊಳ್ಳುವ ಜಾಗ ಮರಗಟ್ಟುವುದು. ಇಲ್ಲಿ ಗಂಟೆಗಳ ಲೆಕ್ಕ, ರಾತ್ರಿಯಾದರೂ ಹೊರಡಿ.
* ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕೈಯ ಹಿಡಿತ ತಪ್ಪುವುದು.
* ನೋವಿನೊಂದಿಗೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು. ಬೆನ್ನುಮೂಳೆಯ ಕ್ಷಯವೂ ಇರಬಹುದು. ಸರಕಾರಿ ಕೇಂದ್ರಗಳಲ್ಲಿ ಕ್ಷಯದ ಔಷಧಿ ಉಚಿತ.
* ಹಿಂದೆ ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು.

ಉಳಿದವರಿಗೆ ಮದ್ದು ಸರಳ. ಹಾಸಿಗೆ ಹಿಡಿದು ಮಲಗುವುದು ಒಂದೆರಡು ದಿನ ಸಾಕು, ಮತ್ತೆ ಮೆಲ್ಲ ನಡೆಯಬೇಕು. ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ತೊಂದರೆ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿ. 50 ಕಿಲೋ ಚೀಲಕ್ಕೆ ಇಬ್ಬರು ಬೇಕು. ಸುಲಿಯುವವರು, ಬೀಡಿ ಕಟ್ಟುವವರು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಬರಲಿ.

ಎಣ್ಣೆ ತಿಕ್ಕುವ ಮೊದಲು ಮನೆಯವರು ಕೇಳಬೇಕಾದ ಪ್ರಶ್ನೆ ಒಂದೇ: 'ನೋವು ಎಲ್ಲಿ?' ಎಂದಲ್ಲ, 'ಕಾಲಿನಲ್ಲಿ ಬಲ ಉಂಟಾ?'