ಜಾಲತಾಣಕ್ಕೂ ಒಂದು ದಿಡ್ಡಿ ಬಾಗಿಲು

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು ಒಂದೇ ಬಾಗಿಲು ದಾಟಿ ಕೋಟೆ ಸೇರುವುದಿಲ್ಲ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದಕ್ಕೂ ಒಂದೊಂದು ಹೆಸರಿದೆ. ದಿಡ್ಡಿ ಬಾಗಿಲು ಎಂಬ ಮಾತು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಹೆಬ್ಬಾಗಿಲನ್ನು ಹಾಕಿಟ್ಟು, ಬೇಕಾದವರನ್ನು ಮಾತ್ರ ಒಬ್ಬೊಬ್ಬರಾಗಿ ಒಳಕ್ಕೆ ಬಿಡುವ ಸಣ್ಣ ಬಾಗಿಲು ಅದು. ಊರಿನ ಒಳಗೆ ಬಂದವನು ಕಣಜಕ್ಕೂ ಬರಬಹುದು, ಮದ್ದಿನ ಮನೆಗೂ ಬರಬಹುದು ಎಂದು ಕೋಟೆ ಕಟ್ಟಿದವರು ಒಪ್ಪಿರಲಿಲ್ಲ. ಪ್ರತಿ ಹಂತದಲ್ಲೂ ಇನ್ನೊಂದು ಬಾಗಿಲಿಟ್ಟರು. ಇವತ್ತು ನಾವು ಕಟ್ಟುತ್ತಿರುವ ಜಾಲತಾಣಗಳಲ್ಲಿ ಈ ಎಚ್ಚರ ಕಾಣುತ್ತಿಲ್ಲ. ಅದನ್ನು ತರುವ ಸಾಧನವೊಂದು ಕೆಲವು ವರ್ಷಗಳಿಂದ ನಮ್ಮ ಕೈಯಲ್ಲೇ ಇದೆ, ಅದೂ ಬಿಡಿಗಾಸಿನ ಖರ್ಚಿಲ್ಲದೆ. ತಂತ್ರಜ್ಞರ ವಲಯದಲ್ಲಿ ಅದಕ್ಕೆ ‘ಪರ್ಮಿಷನ್ಸ್ ಪಾಲಿಸಿ’ ಎಂದು ಹೆಸರು. ಕನ್ನಡದಲ್ಲಿ ಅನುಮತಿ ನೀತಿ ಎನ್ನಬಹುದು.

ಒಂದು ಪುಟ ನೋಡುವಾಗ ನಾವು ಒಂದೇ ತಾಣ ನೋಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಅದು ಅಷ್ಟು ಸರಳವಲ್ಲ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ತುಮಕೂರು ಕಂದಾಯ ಜಿಲ್ಲೆ ಎರಡು ಶೈಕ್ಷಣಿಕ ಜಿಲ್ಲೆಯಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕು ತಾಲ್ಲೂಕಿನ ಯಾವುದೋ ಶಾಲೆ ತನ್ನದೊಂದು ಪುಟ ಮಾಡಿಸಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಶಾಲೆಗೆ ಬರುವ ದಾರಿ ತೋರಿಸುವ ಭೂಪಟ ಗೂಗಲ್‌ನದು, ವಾರ್ಷಿಕೋತ್ಸವದ ವಿಡಿಯೊ ಯೂಟ್ಯೂಬಿನದು, ಶುಲ್ಕ ಕಟ್ಟುವ ಪೆಟ್ಟಿಗೆ ಯಾವುದೋ ಪಾವತಿ ಕಂಪನಿಯದು. ಹೀಗೆ ಒಂದು ಪುಟದೊಳಗೆ ಇನ್ನೊಂದು ಪುಟವನ್ನು ಕೂರಿಸುವ ಚೌಕಟ್ಟಿಗೆ ಐಫ್ರೇಮ್ ಎನ್ನುತ್ತಾರೆ. ಶಾಲೆ ಕಟ್ಟಿದ್ದು ಗೋಡೆ ಮಾತ್ರ, ಕಿಟಕಿಯಾಚೆಗಿನವರು ಬೇರೆ ಬೇರೆ ಜನ. ಇತ್ತ ಪುಟ ನೋಡುತ್ತಿರುವ ಫೋನಿನಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ, ನಾವೆಲ್ಲಿದ್ದೇವೆ ಎಂದು ಹೇಳುವ ಜಿಪಿಎಸ್ ಇದೆ, ಫೋನು ಎತ್ತ ವಾಲಿತು, ಎಷ್ಟು ಅಲುಗಿತು ಎಂದು ಅಳೆಯುವ ಸಂವೇದಕಗಳಿವೆ. ಇವುಗಳಲ್ಲಿ ಯಾವುದನ್ನು ಯಾರು ಮುಟ್ಟಬಹುದು ಎಂದು ತೀರ್ಮಾನಿಸಬೇಕಾದವರು ಮೂವರು: ಫೋನು ಹಿಡಿದವರು, ಬ್ರೌಸರ್ ಮಾಡಿದ ಕಂಪನಿ, ಪುಟ ಕಟ್ಟಿದವರು. ಮೊದಲಿನ ಇಬ್ಬರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪುಟ ಕಟ್ಟಿದವರೇ ಮೊದಲು ತೀರ್ಮಾನಿಸಬೇಕು, ಉಳಿದಿಬ್ಬರ ಸರದಿ ಆಮೇಲೆ ಎಂಬುದು ನನ್ನ ವಾದ.

ಸಾಧನದ ಕೆಲಸ ಹೀಗಿದೆ. ಸರ್ವರ್ ಒಂದು ಪುಟವನ್ನು ಕಳಿಸುವಾಗ ಅದರ ಮುಂದೆ ಕೆಲವು ಸಾಲುಗಳ ಚೀಟಿ ಕಳಿಸುತ್ತದೆ. ಅದು ಬ್ರೌಸರ್ ಓದುವ ಚೀಟಿ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೆಡರ್ ಎಂದು ಅದರ ಹೆಸರು. ಆ ಚೀಟಿಯಲ್ಲಿ ಕ್ಯಾಮೆರಾ ಎಂಬ ಪದದ ಮುಂದೆ ಖಾಲಿ ಆವರಣ ಹಾಕಿದರೆ ಈ ಪುಟದಲ್ಲಿ ಕ್ಯಾಮೆರಾ ಯಾರಿಗೂ ಇಲ್ಲ ಎಂದರ್ಥ. ಹೊರಗಿನ ಚೌಕಟ್ಟಿಗೂ ಇಲ್ಲ, ಸ್ವತಃ ಪುಟಕ್ಕೂ ಇಲ್ಲ. ಆವರಣದೊಳಗೆ ತನ್ನ ಹೆಸರು ಬರೆದುಕೊಂಡರೆ ತನಗೆ ಮಾತ್ರ. ಇನ್ನೊಂದು ತಾಣದ ವಿಳಾಸವನ್ನೂ ಬರೆದರೆ ಆ ತಾಣದ ಚೌಕಟ್ಟಿಗೂ ದಾರಿ ತೆರೆಯಬಹುದು. ಅನುಮತಿ ಬರೆಯುವ ಎರಡನೆಯ ಜಾಗ ಆ ಚೌಕಟ್ಟೇ. ಅದರ ಮೇಲೆ ‘ಅಲೋ’ ಎಂಬ ಪದ ಬರೆದು, ಇದಕ್ಕೆ ಇಷ್ಟು ಸೌಲಭ್ಯ ಕೊಟ್ಟಿದೆ ಎಂದು ಪಟ್ಟಿ ಮಾಡುವುದು. ಮೇಲಿನವರು ಮುಚ್ಚಿದ್ದನ್ನು ಒಳಗಿನವರು ತೆರೆಯಲಾರರು ಎಂಬ ನಿಯಮ ಇದರ ಬೆನ್ನೆಲುಬು. ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು, ಅದರೊಳಗೆ ಮತ್ತೊಂದು ಇದ್ದರೂ ನಿರ್ಬಂಧ ಕೆಳಗಿಳಿಯುತ್ತಲೇ ಹೋಗುತ್ತದೆ. ಈ ವ್ಯವಸ್ಥೆ ಮೊದಲು ‘ಫೀಚರ್ ಪಾಲಿಸಿ’ ಎಂಬ ಹೆಸರಿನಲ್ಲಿ ಬಂತು. 2017ರಲ್ಲಿ ಕ್ರೋಮ್ ಬ್ರೌಸರ್ ಚೌಕಟ್ಟಿನ ಮೇಲಿನ ಪಟ್ಟಿಯನ್ನು ಓದಲು ಶುರುಮಾಡಿತು. ಮರುವರ್ಷದಿಂದ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೊರಗಿನ ಚೌಕಟ್ಟು ಕ್ಯಾಮೆರಾ, ಮೈಕ್, ಸ್ಥಳ ಕೇಳುವಂತೆಯೇ ಇಲ್ಲ ಎಂದಾಯಿತು. 2020ರಲ್ಲಿ ಹೆಸರು ಬದಲಾಯಿತು. 2021ರ ಜನವರಿಯ ಕ್ರೋಮ್ 88ರಿಂದ ಈಗಿನ ರೂಪದ ಹೆಡರ್ ಚಾಲ್ತಿಯಲ್ಲಿದೆ.

ಹೊರಗಿನವರಿಗೆ ತಾನಾಗಿಯೇ ತಡೆ ಇರುವಾಗ ಪುಟ ಕಟ್ಟುವವರಿಗೆ ಉಳಿದ ಕೆಲಸವೇನು ಎಂದು ಕೇಳಬಹುದು. ಯೂಟ್ಯೂಬ್ ವಿಡಿಯೊ ಅಂಟಿಸುವ ಬಗೆಯಲ್ಲಿ ಉತ್ತರವಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಣ್ಣದ ಕೊಕ್ಕರೆಗಳು ಬಂದು ಮರದ ಮೇಲೆ ಗೂಡು ಕಟ್ಟಿದ ವಿಡಿಯೊ ಒಂದನ್ನು ಶಾಲೆಯ ಪುಟಕ್ಕೆ ಹಾಕಬೇಕು ಎಂದಾದರೆ, ವಿಡಿಯೊದ ಕೆಳಗಿನ ‘ಶೇರ್’ ಒತ್ತಿ ಅಲ್ಲಿ ಬರುವ ಸಂಕೇತವನ್ನು ನಕಲು ಮಾಡಿ ಅಂಟಿಸುತ್ತಾರೆ. ಆ ಸಂಕೇತದೊಳಗೆ ಅಲೋ ಪಟ್ಟಿ ಸಿದ್ಧವಾಗಿಯೇ ಬರುತ್ತದೆ: ಆಕ್ಸೆಲೆರೊಮೀಟರ್, ಆಟೊಪ್ಲೇ, ಕ್ಲಿಪ್‌ಬೋರ್ಡ್‌ಗೆ ಬರೆಯುವ ಅನುಮತಿ, ಜೈರೊಸ್ಕೋಪ್, ಹೀಗೆ ಸಾಗುತ್ತದೆ. ಮೊದಲನೆಯದೂ ಜೈರೊಸ್ಕೋಪೂ ಫೋನಿನ ಅಲುಗಾಟ ಮತ್ತು ತಿರುವು ಅಳೆಯುವ ಸಂವೇದಕಗಳು. ಸುತ್ತ ತಿರುಗಿ ನೋಡುವ 360 ಡಿಗ್ರಿ ವಿಡಿಯೊಗೆ ಅವು ಬೇಕು. ಕೊಕ್ಕರೆಯ ಸಾಮಾನ್ಯ ವಿಡಿಯೊಗೆ ಬೇಡ. ಪಟ್ಟಿಯಿಂದ ಆ ಎರಡು ಪದ ಅಳಿಸಿದರೂ ಕೊಕ್ಕರೆ ಹಾರುತ್ತದೆ, ದನಿ ಕೇಳುತ್ತದೆ. ಯೂಟ್ಯೂಬ್ ಇದರಿಂದ ಕೇಡು ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕೊಟ್ಟವರಿಗೆ ತಾವು ಕೊಟ್ಟದ್ದೇ ಗೊತ್ತಿರುವುದಿಲ್ಲವಲ್ಲ, ಅದು ನನ್ನ ಕಳವಳ. ಇದಕ್ಕೆ ಎದುರಾಗಿ ಗೂಗಲ್ ಭೂಪಟದ ಅಂಟಿಸುವ ಸಂಕೇತ ನೋಡಿ. ಅದರಲ್ಲಿ ಸ್ಥಳದ ಅನುಮತಿ ಇರುವುದಿಲ್ಲ. ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನ ಎಲ್ಲಿದೆ ಎಂದು ತೋರಿಸಲು ಭಕ್ತರು ಎಲ್ಲಿ ಕುಳಿತಿದ್ದಾರೆ ಎಂದು ತಿಳಿಯುವ ಅಗತ್ಯವೇ ಇಲ್ಲ.

‘ಬ್ರೌಸರ್ ಹೇಗೂ ಕೇಳುತ್ತದಲ್ಲ, ಬೇಡವೆಂದರೆ ಆಯಿತು’ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಆಕ್ಷೇಪ. ಕೇಳುವ ಪದ್ಧತಿ ಎಷ್ಟು ಸವೆದಿದೆ ಎನ್ನುವುದಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲಾ ಸಂಸ್ಥೆಯೇ ಕೊಟ್ಟ ಲೆಕ್ಕವಿದೆ. 2018ರ ಡಿಸೆಂಬರ್ 25ರಿಂದ ಒಂದು ತಿಂಗಳಲ್ಲಿ, ‘ಸೂಚನೆಗಳನ್ನು ಕಳಿಸಬಹುದೇ’ ಎಂಬ ಪ್ರಶ್ನೆಯನ್ನು ಫೈರ್‌ಫಾಕ್ಸ್ ಸುಮಾರು 145 ಕೋಟಿ ಸಲ ತೋರಿಸಿತು. ಒಪ್ಪಿಗೆ ಸಿಕ್ಕಿದ್ದು ಎರಡೂವರೆ ಕೋಟಿಗಿಂತ ಕಡಿಮೆ ಸಲ. ಸೂಚನೆಯ ಪ್ರಶ್ನೆ ಅನುಮತಿ ನೀತಿಯ ವ್ಯಾಪ್ತಿಗೆ ಬರುವುದಿಲ್ಲ, ನಿಜ. ಆದರೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯನ್ನು ಜನ ಓದುವುದು ಬಿಟ್ಟು ಹೇಗಾದರೂ ತೊಲಗಿಸಲು ನೋಡುತ್ತಾರೆ ಎನ್ನುವುದು ಆ ಅಂಕಿಯಿಂದ ತಿಳಿಯುತ್ತದೆ. ಇನ್ನು ಎಲ್ಲ ಸೌಲಭ್ಯಕ್ಕೂ ಪ್ರಶ್ನೆ ಬರುವುದಿಲ್ಲ. ಫೋನಿನ ಅಲುಗಾಟ ಅಳೆಯುವ ಸಂವೇದಕಗಳನ್ನು ಓದಲು ಹಲವು ವರ್ಷ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಮರ್ಯಮ್ ಮೆಹರ್ನೆಜಾದ್ ಮತ್ತು ಸಂಗಡಿಗರು ಆ ಸಂವೇದಕಗಳ ಓದಿನಿಂದಲೇ, ಬಳಸುವವರು ಒತ್ತುತ್ತಿರುವ ನಾಲ್ಕಂಕಿಯ ಪಿನ್ ಊಹಿಸಿ ತೋರಿಸಿದರು. 50 ಪಿನ್‌ಗಳ ಗುಂಪಿನಲ್ಲಿ ಮೊದಲ ಯತ್ನಕ್ಕೇ ನೂರಕ್ಕೆ 74, ಮೂರನೆಯ ಯತ್ನಕ್ಕೆ ನೂರಕ್ಕೆ 94 ಸರಿ ಬಂದವು. ಫೋನಿನ ಬ್ಯಾಟರಿ ಎಷ್ಟು ಉಳಿದಿದೆ ಎಂಬ ನಿರಪಾಯಕಾರಿ ಎನಿಸುವ ಮಾಹಿತಿಯೂ ಜನರನ್ನು ಗುರುತು ಹಿಡಿಯಲು ನೆರವಾಗುತ್ತದೆ ಎಂದು 2015ರಲ್ಲಿ ಸಂಶೋಧಕರು ತೋರಿಸಿದ ಮೇಲೆ, 2017ರಲ್ಲಿ ಫೈರ್‌ಫಾಕ್ಸ್ ಆ ಸೌಲಭ್ಯವನ್ನು ಜಾಲತಾಣಗಳಿಂದ ಕಿತ್ತುಕೊಂಡಿತು. ಕೇಳದೆ ತೆಗೆದುಕೊಳ್ಳುವುದನ್ನು ಬೇಡವೆನ್ನಲು ಫೋನು ಹಿಡಿದವರಿಗೆ ಅವಕಾಶವೇ ಇರುವುದಿಲ್ಲ.

ಕೇಳಿದಾಗಲಾದರೂ ಉತ್ತರಿಸುವವರು ಯಾರು? ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದೇ ಫೋನು ಅಪ್ಪ, ಅಮ್ಮ, ಮಕ್ಕಳ ಕೈ ದಾಟುತ್ತದೆ. ಪಹಣಿ, ವಿದ್ಯಾರ್ಥಿವೇತನ, ಪರೀಕ್ಷಾ ಫಲಿತಾಂಶ ನೋಡುವುದು ಎಷ್ಟೋ ಸಲ ಓದು ಬಲ್ಲ ಪಕ್ಕದ ಮನೆಯ ಹುಡುಗ, ಇಲ್ಲವೇ ಗ್ರಾಮ ಒನ್ ಕೇಂದ್ರದಲ್ಲಿ ಕುಳಿತವರು. ಪಾವಗಡದ ಕಡೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಫೋನಿನ ಭಾಷೆ ಇಂಗ್ಲಿಷಿನಲ್ಲೇ ಇದ್ದರೆ ಎದುರಾಗುವ ಪ್ರಶ್ನೆ ಮೂರನೆಯ ಭಾಷೆಯದು. ಹಿಂದೆ ಜನ ಕಾದಿರುತ್ತಾರೆ, ಕೆಲಸ ಮುಂದೆ ಹೋಗಬೇಕು, ಬೆರಳು ‘ಅಲೋ’ ಮೇಲೆ ಬೀಳುತ್ತದೆ. ಒಮ್ಮೆ ಒತ್ತಿದ ಒಪ್ಪಿಗೆ ಆ ತಾಣಕ್ಕೆ ಮುಂದಿನ ಸಲವೂ ಉಳಿಯುವುದುಂಟು. ಇನ್ನೊಂದು ಸೂಕ್ಷ್ಮವಿದೆ. ಮುಖ್ಯ ಪುಟ ತನ್ನ ಅನುಮತಿಯನ್ನು ಒಳಗಿನ ಚೌಕಟ್ಟಿಗೆ ವಹಿಸಿಕೊಟ್ಟಿದ್ದರೆ, ಕ್ರೋಮ್ ಕೇಳುವ ಪ್ರಶ್ನೆಯಲ್ಲಿ ಕಾಣುವುದು ಮುಖ್ಯ ಪುಟದ ಹೆಸರು. ಅಂದರೆ ನಮ್ಮೂರ ಶಾಲೆ ಕೇಳುತ್ತಿದೆ ಎಂದು ನಂಬಿ ತಾಯಿಯೊಬ್ಬಳು ಹೂಂ ಎನ್ನುತ್ತಾಳೆ, ಅದು ಹೋಗಿ ಸೇರುವುದು ಚೌಕಟ್ಟಿನೊಳಗಿನ ಕಂಪನಿಗೆ. ಬ್ರೌಸರ್ ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ಹೊಣೆ ಮುಖ್ಯ ಪುಟದ್ದೇ ಎಂದು ಅದು ನೇರವಾಗಿ ಹೇಳುತ್ತಿದೆ. ಆ ಹೊಣೆಯನ್ನು ನಾವು ಹೊರುತ್ತಿಲ್ಲ.

ನಮ್ಮ ಕಾನೂನೂ ಈಗ ಇದೇ ಕಡೆಗೆ ವಾಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ: ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಚಿಕಿತ್ಸೆಯ ಮಾಹಿತಿಯ ಜೊತೆಗೆ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳುತ್ತದೆ, ಬಳಸುವವರು ಎರಡಕ್ಕೂ ಒಪ್ಪುತ್ತಾರೆ. ಆದರೂ ಸಲಹೆಗೆ ಸಂಪರ್ಕ ಪಟ್ಟಿ ಅಗತ್ಯವಿಲ್ಲವಾದ್ದರಿಂದ ಆ ಒಪ್ಪಿಗೆ ಚಿಕಿತ್ಸೆಗಷ್ಟೇ ಸೀಮಿತ ಎನ್ನುತ್ತದೆ ಕಾಯ್ದೆ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು ಎಂದೂ ಹೇಳುತ್ತದೆ, ಕನ್ನಡ ಅದರಲ್ಲಿದೆ. ಒತ್ತಿದರು ಎಂದ ಮಾತ್ರಕ್ಕೆ ಕೊಟ್ಟರು ಎಂದಾಗುವುದಿಲ್ಲ. ಪಾವಗಡದವರಿಗೆ ಈ ವಿಚಾರ ಬಿಡಿಸಿ ಹೇಳಬೇಕಿಲ್ಲ. ತಿರುಮಣಿ, ವಳ್ಳೂರು ಸುತ್ತಿನ ರೈತರು ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಕೊಟ್ಟಾಗ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ ಎಂದು ಕಾಗದವಾಯಿತು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಕಾಲ ಎಂದು ಬರೆದ ಮೇಲೆಯೇ ನೆಲ ಬಿಟ್ಟುಕೊಟ್ಟದ್ದು. ಅನುಮತಿ ನೀತಿಯ ಹೆಡರ್ ಕೂಡ ಯಾರಿಗೆ, ಯಾವುದು ಎಂದು ಮುಂಚೆಯೇ ಬರೆದಿಡುವ ಕಾಗದ.

ಇದರಿಂದ ಬೇಕಾದ ಕೆಲಸವೂ ಕೆಡುತ್ತದೆ ಎನ್ನುವವರ ಮಾತಿನಲ್ಲಿ ತಿರುಳಿದೆ. ವೈದ್ಯರೊಡನೆ ವಿಡಿಯೊ ಮಾತುಕತೆಗೆ ಕ್ಯಾಮೆರಾ, ಮೈಕ್ ಬೇಕೇ ಬೇಕು. ಎಲ್ಲವನ್ನೂ ಕಣ್ಣು ಮುಚ್ಚಿ ಮುಚ್ಚಿಬಿಟ್ಟರೆ ರೋಗಿ ಪರದೆಯ ಮುಂದೆ ಕುಳಿತು ಕಾಯುತ್ತಾನೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದಲೇ ನೀತಿಯನ್ನು ಪುಟದ ಕೆಲಸ ನೋಡಿ ಬರೆಯಬೇಕು: ಸಮಾಲೋಚನೆಯ ಪುಟದಲ್ಲಿ ಆ ಒಂದು ವಿಳಾಸಕ್ಕೆ ಕ್ಯಾಮೆರಾ, ಉಳಿದ ಪುಟಗಳಲ್ಲಿ ಯಾರಿಗೂ ಇಲ್ಲ. ಫೈರ್‌ಫಾಕ್ಸ್ ಮತ್ತು ಸಫಾರಿ ಈ ಹೆಡರನ್ನು ಕ್ರೋಮ್‌ನಷ್ಟು ಪಾಲಿಸದೆ ಹೆಚ್ಚಾಗಿ ಚೌಕಟ್ಟಿನ ಪಟ್ಟಿಯನ್ನೇ ನೆಚ್ಚಿವೆ ಎಂಬ ಆಕ್ಷೇಪವೂ ಸರಿಯೇ. ಆಂಡ್ರಾಯ್ಡ್ ಫೋನಿನೊಡನೆ ಬರುವ ಕ್ರೋಮ್‌ನಲ್ಲಿ ಎರಡೂ ನಡೆಯುವುದರಿಂದ, ನಮ್ಮ ಹಳ್ಳಿಗಳ ಮಟ್ಟಿಗೆ ಇದು ದೊಡ್ಡ ಕೊರತೆಯಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹೊರಗಿನ ಪುಟವನ್ನು ಚೌಕಟ್ಟಿನಲ್ಲಿ ಕೂರಿಸದೆ, ಹೊರಗಿನ ಸ್ಕ್ರಿಪ್ಟನ್ನೇ ನಮ್ಮ ಪುಟದೊಳಕ್ಕೆ ಕರೆದುಕೊಂಡರೆ ಅದು ಮನೆಯವನಾಗಿಯೇ ನಡೆದುಕೊಳ್ಳುತ್ತದೆ. 2018ರ ಫೆಬ್ರುವರಿಯಲ್ಲಿ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ‘ಬ್ರೌಸ್‌ಅಲೌಡ್’ ಎಂಬ ಸ್ಕ್ರಿಪ್ಟಿಗೆ ಯಾರೋ ಕನ್ನ ಹಾಕಿದ್ದರಿಂದ ಅದನ್ನು ಬಳಸುತ್ತಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ತಾಣಗಳು, ಬ್ರಿಟನ್ನಿನ ದತ್ತಾಂಶ ರಕ್ಷಣೆಯ ಕಚೇರಿಯದೂ ಸೇರಿ, ನೋಡುಗರ ಕಂಪ್ಯೂಟರಿನಲ್ಲಿ ಕ್ರಿಪ್ಟೊ ನಾಣ್ಯ ಅಗೆಯತೊಡಗಿದವು. ಅದೇ ವರ್ಷ ಪಾವಗಡವನ್ನು ಬಳಸಿರುವ ಆಂಧ್ರಪ್ರದೇಶದಲ್ಲೂ ತಿರುಪತಿ ನಗರಪಾಲಿಕೆ, ಮಾಚರ್ಲ ಪುರಸಭೆಯ ತಾಣಗಳಲ್ಲಿ ಇಂಥದೇ ಅಗೆಯುವ ಸಂಕೇತ ಸೇರಿಕೊಂಡದ್ದನ್ನು ಗುವಾಹಟಿಯ ಸಂಶೋಧಕರು ಪತ್ತೆ ಮಾಡಿದರು. ಅನುಮತಿ ನೀತಿ ಈ ಅಗೆತವನ್ನು ತಡೆಯುತ್ತಿರಲಿಲ್ಲ. ಯಾವ ಸ್ಕ್ರಿಪ್ಟು ಒಳಗೆ ಬರಬಹುದು ಎಂದು ಕಾಯಲು ಬೇರೆ ಹೆಡರ್‌ಗಳಿವೆ, ಅವೂ ಬೇಕು. ಆದರೆ ಹಾಗೆ ನುಸುಳಿದ ಸ್ಕ್ರಿಪ್ಟು ಮುಂದೆ ಏನೇನು ಮುಟ್ಟಬಹುದು ಎನ್ನುವುದು ಇಲ್ಲಿ ನಿರ್ಧಾರವಾಗುತ್ತದೆ. ಪುಟ ತನಗೇ ಕ್ಯಾಮೆರಾ, ಮೈಕ್, ಸ್ಥಳ ಬೇಡವೆಂದು ಮೊದಲೇ ಬರೆದುಕೊಂಡಿದ್ದರೆ, ಮನೆಯವನ ವೇಷದಲ್ಲಿ ಬಂದ ಕಳ್ಳನಿಗೂ ಅವು ಸಿಗುವುದಿಲ್ಲ. ಚೀಟಿ ಸರ್ವರಿನಿಂದ ಬಂದಿರುತ್ತದೆ. ಪುಟದೊಳಗಿನ ಸ್ಕ್ರಿಪ್ಟು ಅದನ್ನು ತಿದ್ದಲಾರದು.

ಇದನ್ನೆಲ್ಲ ಮಾಡುವ ತಂತ್ರಜ್ಞರು ಹಳ್ಳಿಯ ಶಾಲೆಗೆ ಎಲ್ಲಿ ಸಿಗುತ್ತಾರೆ ಎಂದು ಕೊನೆಗೊಂದು ಪ್ರಶ್ನೆ ಏಳುತ್ತದೆ. ಪ್ರತಿ ಶಾಲೆಗೂ ಬೇಕಿಲ್ಲ. ತುಮಕೂರು ಜಿಲ್ಲಾಡಳಿತದ ತಾಣದಂತೆ ದೇಶದ ಎಷ್ಟೋ ಜಿಲ್ಲೆಗಳ ತಾಣಗಳು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿದ ‘ಎಸ್‌ತ್ರೀವಾಸ್’ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಅಚ್ಚಿನಲ್ಲಿ ಒಂದು ಸಾಲು ಸರಿಯಾಗಿದ್ದರೆ ಎರಕವೆಲ್ಲ ಸರಿಯಾಗುತ್ತದೆ. ಖಾಸಗಿ ಶಾಲೆ, ದೇವಸ್ಥಾನ, ಸಹಕಾರ ಸಂಘಗಳು ತಾಣ ಮಾಡಿಸುವಾಗ ಬಣ್ಣ, ಲೋಗೊ, ಎಷ್ಟು ಪುಟ ಎಂದು ಚರ್ಚಿಸುತ್ತವೆ. ಆ ಕರಾರು ಪತ್ರಕ್ಕೆ ಎರಡು ಷರತ್ತು ಸೇರಿಸಿದರೆ ಸಾಕು: ಬೇಕೆಂದು ನಾವು ಹೇಳದ ಸೌಲಭ್ಯಗಳೆಲ್ಲ ಹೆಡರ್‌ನಲ್ಲಿ ಮುಚ್ಚಿರಬೇಕು, ಹೊರಗಿನ ಪ್ರತಿ ಚೌಕಟ್ಟಿನ ಅಲೋ ಪಟ್ಟಿಯನ್ನು ಓದಿ ಬೇಡದ್ದನ್ನು ಅಳಿಸಿರಬೇಕು. ಕೆಲಸ ಒಪ್ಪಿಸಿಕೊಳ್ಳುವಾಗ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗ ತೆರೆದು, ಪುಟವನ್ನು ಮತ್ತೊಮ್ಮೆ ತೆರೆದು ಮೊದಲ ಸಾಲನ್ನು ಒತ್ತಿದರೆ ಸರ್ವರ್ ಕಳಿಸಿದ ಚೀಟಿ ಕಣ್ಣೆದುರೇ ಬರುತ್ತದೆ. ಅದರಲ್ಲಿ ಪರ್ಮಿಷನ್ಸ್ ಪಾಲಿಸಿ ಎಂಬ ಸಾಲು ಇದೆಯೋ ಇಲ್ಲವೋ ಎಂದು ನೋಡಲು ಹೈಸ್ಕೂಲಿನ ಕಂಪ್ಯೂಟರ್ ಮೇಷ್ಟ್ರಿಗೆ ಎರಡು ನಿಮಿಷ ಸಾಕು.