ಲಾಗ್ ಕಡತಗಳನ್ನು ಮೆಮೊರಿಯಲ್ಲಿ ಇರಿಸುವುದು (ಲಿನಕ್ಸ್)

ಲಾಗ್ ಕಡತಗಳನ್ನು ಮೆಮೊರಿಯಲ್ಲಿ ಇರಿಸುವುದು ಎಂದರೆ, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯು ತನ್ನ ಆಗುಹೋಗುಗಳ ದಾಖಲೆಯನ್ನು ಡಿಸ್ಕಿಗೆ ಬದಲಾಗಿ ಗಣಕಯಂತ್ರದ ರ‍್ಯಾಮ್‌ನಲ್ಲಿ ಬರೆಯುವಂತೆ ಮಾಡುವ ವಿಧಾನ. ಡಿಸ್ಕಿನ ಮೇಲಿನ ಬರವಣಿಗೆಯನ್ನು ತಗ್ಗಿಸುವುದು ಇದರ ಉದ್ದೇಶ. ರಾಸ್ಪ್‌ಬೆರಿ ಪೈಯಂತಹ, ಎಸ್‌ಡಿ ಕಾರ್ಡಿನಿಂದ ನಡೆಯುವ ಕಿರುಗಣಕಗಳಲ್ಲಿ ಇದು ಹೆಚ್ಚಾಗಿ ಬಳಕೆಯಲ್ಲಿದೆ.

ಹಿನ್ನೆಲೆ

ಲಿನಕ್ಸ್‌ನಲ್ಲಿ ಲಾಗ್ ಕಡತಗಳು ಸಾಮಾನ್ಯವಾಗಿ '/ವಾರ್/ಲಾಗ್' ಎಂಬ ಡೈರೆಕ್ಟರಿಯಲ್ಲಿರುತ್ತವೆ. ಬಳಕೆದಾರರು ಯಾವ ಕೆಲಸವನ್ನೂ ಮಾಡದಿದ್ದಾಗಲೂ ಇವುಗಳಿಗೆ ಹೊಸ ಸಾಲುಗಳು ಸೇರುತ್ತಲೇ ಇರುತ್ತವೆ. ಎಸ್‌ಡಿ ಕಾರ್ಡ್ ಮತ್ತು ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿಯನ್ನು ಸೀಮಿತ ಸಂಖ್ಯೆಯಷ್ಟು ಬಾರಿ ಮಾತ್ರ ಅಳಿಸಿ ಬರೆಯಬಹುದು. ಅದನ್ನು ಅಳಿಸುವುದೂ ದೊಡ್ಡ ಖಂಡಗಳಲ್ಲಿ ಮಾತ್ರ ಸಾಧ್ಯ. ಆದ್ದರಿಂದ ನೂರು ಅಕ್ಷರಗಳ ಒಂದು ಸಾಲು ಕೂಡ ತನ್ನ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚಿನ ಬರವಣಿಗೆಗೆ ಕಾರಣವಾಗುತ್ತದೆ.

ವಿಧಾನಗಳು

ಮೊದಲನೆಯದು ಟಿಎಂಪಿಎಫ್‌ಎಸ್. ಇದು ಮೆಮೊರಿಯಲ್ಲೇ ನೆಲೆಸುವ ಕಡತ ವ್ಯವಸ್ಥೆಯಾಗಿದ್ದು, 2001ರಲ್ಲಿ ಬಿಡುಗಡೆಯಾದ ಲಿನಕ್ಸ್ 2.4 ಸರಣಿಯಿಂದ ಲಭ್ಯವಿದೆ. ಇದನ್ನು ಲಾಗ್ ಡೈರೆಕ್ಟರಿಯ ಸ್ಥಾನದಲ್ಲಿ ಜೋಡಿಸಲಾಗುತ್ತದೆ. ಮಿತಿಯನ್ನು ಸೂಚಿಸದಿದ್ದರೆ ಇದು ರ‍್ಯಾಮ್‌ನ ಅರ್ಧದಷ್ಟರವರೆಗೆ ಬೆಳೆಯಬಲ್ಲದು. ಹಾಗಾಗಿ ಗಾತ್ರವನ್ನು ನಿಗದಿಪಡಿಸುವುದು ಅವಶ್ಯ.

ಎರಡನೆಯದು ಸಿಸ್ಟಮ್‌ಡಿಯ ಭಾಗವಾದ ಜರ್ನಲ್‌ಡಿ. ಇದರ 'ಸ್ಟೋರೇಜ್' ಆಯ್ಕೆಗೆ 'ವೋಲಟೈಲ್' ಎಂಬ ಬೆಲೆಯನ್ನು ಕೊಟ್ಟರೆ ಅದರ ದಾಖಲೆಗಳು ಮೆಮೊರಿಯಲ್ಲಿ ಮಾತ್ರ ಉಳಿಯುತ್ತವೆ.

ಮೂರನೆಯದು ಲಾಗ್‌ಟುರ‍್ಯಾಮ್‌ನಂತಹ ತಂತ್ರಾಂಶ. ಯಂತ್ರವು ಆರಂಭವಾದಾಗ ಇದು ಹಳೆಯ ಕಡತಗಳನ್ನು ರ‍್ಯಾಮ್‌ಗೆ ನಕಲಿಸಿ, ನಿಗದಿತ ಅವಧಿಗೊಮ್ಮೆ ಹಾಗೂ ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸುವಾಗ ಅವುಗಳನ್ನು ಡಿಸ್ಕಿಗೆ ಮರಳಿಸುತ್ತದೆ.

ಇತಿಮಿತಿಗಳು

ವಿದ್ಯುತ್ ಕಡಿತಗೊಂಡರೆ ರ‍್ಯಾಮ್‌ನಲ್ಲಿರುವ ದಾಖಲೆಗಳು ಅಳಿಸಿಹೋಗುತ್ತವೆ. ಯಂತ್ರವು ಹಠಾತ್ತನೆ ಸ್ಥಗಿತಗೊಂಡಾಗ ಅದರ ಕಾರಣವನ್ನು ತಿಳಿಯಲು ಬೇಕಾಗುವುದು ಕೊನೆಯ ಕೆಲವು ಸಾಲುಗಳು. ಈ ವಿಧಾನದಲ್ಲಿ ಮೊದಲು ನಷ್ಟವಾಗುವುದೂ ಅವೇ. ಅನಧಿಕೃತ ಪ್ರವೇಶದ ಕುರುಹುಗಳಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಮಹತ್ವದ ಸರ್ವರ್‌ಗಳಿಗೆ ಈ ವಿಧಾನವೊಂದೇ ಸಾಲದು. ರ‍್ಯಾಮ್‌ನಲ್ಲಿ ಬರೆಯುವುದರೊಂದಿಗೆ ಆರ್‌ಸಿಸ್‌ಲಾಗ್‌ನಂತಹ ತಂತ್ರಾಂಶದ ಮೂಲಕ ಲಾಗ್‌ಗಳನ್ನು ಜಾಲದಲ್ಲಿರುವ ಬೇರೊಂದು ಗಣಕಕ್ಕೆ ಕಳುಹಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಇನ್ನೆರಡು ಅಂಶಗಳು ಗಮನಾರ್ಹ. ಡಿಸ್ಕಿನ ಮೇಲೆ ಸ್ವಾಪ್ ಇದ್ದಲ್ಲಿ, ಮೆಮೊರಿಯ ಅಭಾವವಾದಾಗ ಟಿಎಂಪಿಎಫ್‌ಎಸ್‌ನ ಅಂಶಗಳು ಅಲ್ಲಿಗೇ ಹೋಗಬಹುದು. ಆಗ ಉದ್ದೇಶ ಈಡೇರುವುದಿಲ್ಲ. ಅಪಾಚೆಯಂತಹ ಕೆಲವು ತಂತ್ರಾಂಶಗಳು ತಮ್ಮ ಲಾಗ್ ಉಪಡೈರೆಕ್ಟರಿ ಇಲ್ಲದಿದ್ದರೆ ಆರಂಭವಾಗುವುದಿಲ್ಲ. ಖಾಲಿಯಾದ ಟಿಎಂಪಿಎಫ್‌ಎಸ್‌ನಲ್ಲಿ ಅದನ್ನು ಪ್ರತಿ ಬಾರಿಯೂ ಹೊಸದಾಗಿ ರಚಿಸುವ ಏರ್ಪಾಡು ಇರಬೇಕಾಗುತ್ತದೆ.

ಬಳಕೆ

ಸಂವೇದಕಗಳ ಅಳತೆಯನ್ನು ಸಂಗ್ರಹಿಸುವ ಕಿರುಗಣಕಗಳಂತೆ, ವರ್ಷಗಟ್ಟಲೆ ಬಿಡುವಿಲ್ಲದೆ ನಡೆಯುವ ಮತ್ತು ಕಾರ್ಡ್ ಬದಲಿಸುವುದು ಕಷ್ಟವಾದ ಉಪಕರಣಗಳಿಗೆ ಈ ವಿಧಾನ ಸೂಕ್ತ. ಇಂದಿನ ಮೇಜುಗಣಕಗಳ ಎಸ್‌ಎಸ್‌ಡಿಗಳು ಸಾಮಾನ್ಯ ಪ್ರಮಾಣದ ಲಾಗ್ ಬರವಣಿಗೆಯನ್ನು ಸುಲಭವಾಗಿ ತಾಳಿಕೊಳ್ಳುವುದರಿಂದ ಅಲ್ಲಿ ಇದರ ಅಗತ್ಯ ಕಡಿಮೆ.